ಗಡಿ ದಾಟುವ ಹೊರೆ



ಬೇಟೆ ನಮ್ಮ ಆಚಾರಕ್ಕೆ ಸಲ್ಲದು. 1972ರ ಕಾಯ್ದೆಯಂತೆ ನಮ್ಮ ದೇಶದಲ್ಲಿ ಜಿಂಕೆ ಬೇಟೆ ಅಪರಾಧವೂ ಹೌದು. ಆದರೂ ಅಮೇರಿಕದ ಬೇಟೆಗಾರರ ಮುಂದಿರುವ ಒಂದು ಪ್ರಶ್ನೆ ಗಡಿಯಲ್ಲಿ ಬಾಳುವ ನಮಗೂ ಸಂಬಂಧಿಸಿದ್ದು.

1967ರಲ್ಲಿ ಕೊಲರಾಡೊ ರಾಜ್ಯದ ಸಾಕು ಜಿಂಕೆಗಳಲ್ಲಿ ಒಂದು ರೋಗ ಮೊದಲು ಕಂಡುಬಂದಿತು. ಮಿದುಳು ಕೆಟ್ಟು ಪ್ರಾಣಿ ಸೊರಗಿ ಸಾಯುತ್ತದೆ, ಮದ್ದಿಲ್ಲ. ಇದಕ್ಕೆ ಕಾರಣವಾದ ಪ್ರಿಯಾನ್ ಎಂಬ ವಿಕೃತ ಪ್ರೋಟೀನು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಅಲ್ಲಿನ ಅನೇಕ ರಾಜ್ಯಗಳು, ಕೊಂದ ಜಿಂಕೆಯನ್ನು ಇಡಿಯಾಗಿ ಹೊರಗಿನಿಂದ ತರಬಾರದೆಂದು ವಿಧಿಸಿವೆ. ಎಲುಬು ಬಿಡಿಸಿದ ಮಾಂಸ, ಚರ್ಮ ತರಬಹುದು. ಮಿದುಳು, ಬೆನ್ನುಹುರಿ ಕೂಡದು.

‘ನನ್ನ ಜಿಂಕೆ ಚೆನ್ನಾಗಿಯೇ ಇತ್ತು, ದಾರಿಯಲ್ಲಿ ತಡೆಯುವವರೂ ಇಲ್ಲ, ತಪ್ಪೇನು?’ ಎಂದು ಒಬ್ಬನು ಕೇಳಬಹುದು. ಆದರೆ ಸೋಂಕು ತಗುಲಿದ ಜಿಂಕೆ ಬಹುಕಾಲ ಆರೋಗ್ಯವಾಗಿಯೇ ಕಾಣುತ್ತದೆ. ಉಳಿದ ಶ್ರಮ ಅವನ ಖಾತೆಗೆ ಜಮಾ. ಎಲುಬು ಎಸೆದ ನೆಲಕ್ಕೆ ರೋಗ ಬಂದರೆ ಆ ನಷ್ಟ ಪರರ ಖಾತೆಗೆ. ಇದು ನ್ಯಾಯದ ಲೆಕ್ಕವಲ್ಲ.

2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ನಮ್ಮ ಕಡೆಯೂ ದನದ ಸಂತೆಗಳು ನಿಂತವು. ಎತ್ತು ಮಾರಿ ಸಾಲ ತೀರಿಸಬೇಕಾದವನಿಗೆ ಅದು ನಿಜವಾದ ಸಂಕಟ. ಅವನನ್ನು ತಡೆದವರು, ಆ ತಡೆಯಿಂದ ಉಳಿದುಕೊಂಡವರು ಅವನ ಕಷ್ಟದಲ್ಲಿ ಪಾಲು ಹೊರಬೇಕು. ಬರೀ ಉಪದೇಶ ಸಾಲದು. ಆದರೆ ಕಳ್ಳದಾರಿಯಲ್ಲಿ ದನ ಹೊಡೆಯುವುದು ಅದಕ್ಕೆ ಪರಿಹಾರವಲ್ಲ. ಗಡಿಯಾಚೆಯ ಕೊಟ್ಟಿಗೆಯೂ ನಮ್ಮಂಥ ರೈತನದೇ.

ನಾಕೆಯಲ್ಲಿ ಕಾವಲುಗಾರ ಇಲ್ಲದಿರಬಹುದು. ನೆರೆಯವನ ನಷ್ಟವನ್ನು ನಮ್ಮದೆಂದು ಎಣಿಸುವ ಮನಸ್ಸು ಇದ್ದರೆ ಕಾವಲಿನ ಅಗತ್ಯವೂ ಇಲ್ಲ.