ಅವಸರವೂ ಒಂದು ಅಪರಾಧವೇ?

ಮಾಡಬೇಕಾದ ಒಳ್ಳೆಯ ಕೆಲಸವನ್ನು ಮನುಷ್ಯ ಮಾಡದೆ ಹೋದರೆ ಅದಕ್ಕೆ ಕಾರಣ ಅವನ ಸ್ವಭಾವವೋ, ಸನ್ನಿವೇಶವೋ? ಸನ್ನಿವೇಶವೇ ಕಾರಣವಾದರೆ ಅವನನ್ನು ದೂರುವುದು ನ್ಯಾಯವೇ? ಪ್ರಶ್ನೆ ಹಳೆಯದು. ಆದರೆ ಕಳೆದ ಮಳೆಗಾಲದಿಂದ ಅದು ನನ್ನ ಬೆನ್ನು ಹತ್ತಿದೆ.

ಒಂದು ಬೆಳಿಗ್ಗೆ ಮುಲುಂಡ್ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ಐವತ್ತು ದಾಟಿದ ಒಬ್ಬರು ಕಂಬಕ್ಕೊರಗಿ ಕುಳಿತಿದ್ದರು. ತಲೆ ಎದೆಯ ಮೇಲೆ ವಾಲಿತ್ತು. ಊಟದ ಡಬ್ಬಿಯ ಚೀಲ ಪಕ್ಕಕ್ಕೆ ಉರುಳಿತ್ತು. ಕೆಳಗೆ ಫಾಸ್ಟ್ ಲೋಕಲ್ ಬರುತ್ತಿತ್ತು. ಆ ತಿಂಗಳು ಆಗಲೇ ಎರಡು ಸಲ ಕಚೇರಿಗೆ ತಡವಾಗಿತ್ತು. ಇನ್ನೊಮ್ಮೆ ಆದರೆ ಅರ್ಧ ದಿನದ ರಜೆ ಹೋಗುವುದಿತ್ತು. ‘ಯಾರಾದರೂ ನೋಡಿಯಾರು’ ಎಂದುಕೊಂಡು ಮೆಟ್ಟಿಲಿಳಿದು ಗಾಡಿ ಹಿಡಿದೆ. ಸಂಜೆ ಮರಳಿದಾಗ ಅಲ್ಲಿ ಯಾರೂ ಇರಲಿಲ್ಲ. ಅವರಿಗೇನಾಯಿತೋ ಇಂದಿಗೂ ನನಗೆ ತಿಳಿಯದು.

ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ಕೆಲವು ದಿನಗಳ ಮೇಲೆ, ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಿರುವ ಮಗಳು ಒಂದು ಪ್ರಯೋಗದ ವಿವರ ಓದಿ, “ಅಪ್ಪಾ, ನೀವಾಗಿದ್ದರೆ ನಿಲ್ಲುತ್ತಿದ್ದಿರಾ?” ಎಂದು ಕೇಳಿದಳು. ನಾನು ಉತ್ತರ ಕೊಡದೆ ಪುಸ್ತಕವನ್ನೇ ಕೇಳಿ ತೆಗೆದುಕೊಂಡೆ.

ಮನಶ್ಶಾಸ್ತ್ರವೆಂದರೆ ಪರರ ಮನಸ್ಸನ್ನು ಓದುವ ವಿದ್ಯೆ ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ಅದು ಪ್ರಯೋಗಶಾಲೆಯ ಶಾಸ್ತ್ರವೆಂಬುದನ್ನು ನಮ್ಮ ನಾಡು ಬಹಳ ಹಿಂದೆಯೇ ಅರಿತಿತ್ತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಈ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ನಡೆಸಿದವರೂ ಅವರೇ.

ಇನ್ನು ಮಗಳು ಓದಿದ ಪ್ರಯೋಗ. ಅಮೆರಿಕದ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬಿಬ್ಬರು ಇದನ್ನು 1973ರಲ್ಲಿ ಪ್ರಕಟಿಸಿದರು. ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು, ಪಕ್ಕದ ಕಟ್ಟಡಕ್ಕೆ ಹೋಗಿ ಪುಟ್ಟ ಭಾಷಣ ಮಾಡಿರೆಂದು ಕಳುಹಿಸಿದರು. ಕೆಲವರಿಗೆ ಕೊಟ್ಟ ವಿಷಯ ಬೈಬಲಿನ ದಯಾಳು ಸಮಾರ್ಯದವನ ಕಥೆ: ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಧರ್ಮಗುರು ದಾಟಿಹೋದ, ಜನ ಕೀಳಾಗಿ ಕಂಡ ಕುಲದವನು ಉಪಚರಿಸಿದ. ಉಳಿದವರಿಗೆ ಉದ್ಯೋಗದ ವಿಷಯ. ಕೆಲವರಿಗೆ ‘ಆಗಲೇ ತಡವಾಗಿದೆ’ ಎಂದೂ, ಕೆಲವರಿಗೆ ‘ಈಗ ಹೊರಡಿ’ ಎಂದೂ, ಕೆಲವರಿಗೆ ‘ಇನ್ನೂ ಸಮಯವಿದೆ’ ಎಂದೂ ಹೇಳಿದರು. ದಾರಿಯಲ್ಲಿ ಒಬ್ಬ ಬಾಗಿಲ ಬಳಿ ತಲೆ ಬಾಗಿಸಿ, ಕೆಮ್ಮುತ್ತ ನರಳುತ್ತ ಕುಸಿದಿದ್ದ. ಅದು ನಟನೆ.

ಬಿಡುವಿದ್ದವರಲ್ಲಿ ನೆರವಾದವರು ನೂರಕ್ಕೆ 63, ನಡುವಿನವರಲ್ಲಿ 45, ತಡವಾದವರಲ್ಲಿ ಕೇವಲ 10. ಭಾಷಣದ ವಿಷಯ ಯಾವುದೆಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಸಮಾರ್ಯದವನ ಕಥೆ ಹೇಳಲು ಹೊರಟವರೇ ಕೆಲವರು ಬಿದ್ದವನನ್ನು ದಾಟಿಕೊಂಡು ನಡೆದರಂತೆ! ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಬಿ.ಎಸ್‌ಸಿ.ಯಲ್ಲಿ ನಾವು ಕಲಿತದ್ದೂ ಇದೇ ವಿಧಾನ. ಉಳಿದುದೆಲ್ಲವನ್ನೂ ಸಮನಾಗಿಟ್ಟು ಒಂದನ್ನು ಮಾತ್ರ ಬದಲಿಸಬೇಕು. ಯಾರಿಗೆ ಅವಸರ, ಯಾರಿಗೆ ಬಿಡುವು ಎಂಬುದನ್ನು ವಿದ್ಯಾರ್ಥಿಗಳ ಗುಣ ನೋಡಿ ಹಂಚದಿದ್ದುದರಿಂದಲೇ ‘ಅವಸರದವರೆಲ್ಲ ಮೊದಲೇ ಕಲ್ಲೆದೆಯವರು’ ಎನ್ನಲಾಗದು. ಆದರೆ ಒಂದು ಭೇದವುಂಟು. ಪರೀಕ್ಷಾ ನಳಿಕೆಯ ಲವಣಕ್ಕೆ ತನ್ನನ್ನು ಪರೀಕ್ಷಿಸುತ್ತಿದ್ದಾರೆಂದು ತಿಳಿಯದು. ಮನುಷ್ಯನಿಗೆ ತಿಳಿದರೆ ಅವನು ಬೇರೆಯೇ ಆಗುತ್ತಾನೆ. ಆದ್ದರಿಂದ ಇಲ್ಲಿ ಸುಳ್ಳು ಹೇಳಬೇಕಾಯಿತು. ಆಮೇಲೆ ನಿಜ ತಿಳಿಸಿದರಾದರೂ, ಸತ್ಯವನ್ನು ಅರಿಯಲು ಸುಳ್ಳನ್ನು ಬಳಸಬಹುದೇ ಎಂಬ ಸಂಕೋಚ ನನ್ನಲ್ಲಿ ಉಳಿದೇ ಇದೆ. ಅಲ್ಲದೆ ಪರೀಕ್ಷೆಗೊಳಗಾದವರು ಒಟ್ಟು ನಲವತ್ತೇ ಜನ. ಅದರಿಂದ ಮನುಕುಲವನ್ನೆಲ್ಲ ಅಳೆಯುವುದು ದುಡುಕು.

ಇಷ್ಟೆಲ್ಲ ಓದಿದಾಗ ಮೊದಲು ನನಗಾದದ್ದು ಸಮಾಧಾನ. ‘ತಪ್ಪು ನನ್ನದಲ್ಲ, ಗಡಿಯಾರದ್ದು’ ಎನ್ನಿಸಿತು. ತಡವಾದ ವಿದ್ಯಾರ್ಥಿಗಳಲ್ಲಿ ಕೆಲವರು ಕಳವಳಗೊಂಡೇ ಭಾಷಣಕ್ಕೆ ತಲುಪಿದರೆಂದೂ, ಅವರದು ನಿರ್ದಯೆಗಿಂತ ಇಬ್ಬಂದಿಯೇ ಇದ್ದೀತೆಂದೂ ಆ ವಿದ್ವಾಂಸರು ಬರೆದಿದ್ದಾರೆ. ಅತ್ತ ಕಾಯುವವರು, ಇತ್ತ ಬಿದ್ದವನು. ನನ್ನ ಸ್ಥಿತಿಯೂ ಅದೇ ಅಲ್ಲವೇ?

ಆದರೆ ಆ ಸಮಾಧಾನ ನಿಲ್ಲಲಿಲ್ಲ. ತಡವಾದವರಲ್ಲಿಯೂ ಹತ್ತರಲ್ಲಿ ಒಬ್ಬ ನಿಂತನಲ್ಲ! ಅವಸರ ಮನುಷ್ಯನನ್ನು ಎಳೆಯುತ್ತದೆ, ಕಟ್ಟಿಹಾಕುವುದಿಲ್ಲ. ಕಾರಣ ತೋರಿಸುವುದು ಬೇರೆ, ಕ್ಷಮೆ ಕೊಡುವುದು ಬೇರೆ. ಶಾಸ್ತ್ರ ಮೊದಲನೆಯದನ್ನು ಮಾಡೀತು. ಎರಡನೆಯದು ಅದರ ಕೆಲಸವಲ್ಲ.

ನನಗೆ ತೋರುವುದಿಷ್ಟು: ಅವಸರದಲ್ಲಿ ನಾನು ಕುರುಡನಾಗುತ್ತೇನೆಂದು ತಿಳಿಯದಿದ್ದಾಗ ನನ್ನ ತಪ್ಪು ಸ್ವಲ್ಪ ಹಗುರವಿದ್ದೀತು. ತಿಳಿದ ಮೇಲೆ ಹೊಣೆ ಹಿಂದಕ್ಕೆ ಸರಿಯುತ್ತದೆ, ಸೇತುವೆಯ ಮೇಲಿನ ಆ ಅರ್ಧ ನಿಮಿಷದಿಂದ ಮನೆಯ ಹೊಸ್ತಿಲಿಗೆ. ಧರ್ಮ ಪಾಲಿಸಲು ಮನಸ್ಸೊಂದೇ ಸಾಲದು, ಕಾಲು ಗಂಟೆಯ ಬಿಡುವೂ ಬೇಕು. ದಿನಕ್ಕೆ ಮೂರು ಗಂಟೆ ಗಾಡಿಯಲ್ಲಿ ಕಳೆಯುವ ಮುಂಬಯಿಗರಿಗೆ ಅದು ಸುಲಭವಲ್ಲವೆಂಬುದನ್ನು ಬಲ್ಲೆ. ಆದರೂ ಈಗ ಒಂದು ಗಾಡಿ ಮುಂಚೆ ಹೊರಡುತ್ತಿದ್ದೇನೆ.

ಮಗಳಿಗೆ ಕೊನೆಗೆ ಉತ್ತರ ಹೇಳಿದೆ: “ನಿಲ್ಲಲಿಲ್ಲ ಕಣಮ್ಮಾ.” ಅವಳು ಬಹಳ ಹೊತ್ತು ಮಾತನಾಡಲಿಲ್ಲ.