ಸಾಕೆನ್ನುವವರು ಯಾರು?

ಯಲಹಂಕದಾಚೆ, ನಂದಿಬೆಟ್ಟದ ತಪ್ಪಲಿನ ವೈನನ್ನು ಒಂದು ಗುಟುಕು ರುಚಿ ನೋಡಿದಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯಿದು: ಕುಡಿತದ ಪಾಪ ಹುಟ್ಟುವುದೆಲ್ಲಿ? ಹಣ್ಣಿನಲ್ಲಂತೂ ಅಲ್ಲ, 2013ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ನಮ್ಮ ‘ಬೆಂಗಳೂರು ನೀಲಿ’ ದ್ರಾಕ್ಷಿಯನ್ನು ದೇವರ ಮುಂದೂ ಇಡುತ್ತೇವೆ. ಹಾಗಾದರೆ ಹುಳಿಯುವುದರಲ್ಲೇ? ಇಡ್ಲಿಯ ಹಿಟ್ಟು ಉಬ್ಬುವುದೂ ಸೂಕ್ಷ್ಮಜೀವಿಗಳಿಂದಲೇ ಅಲ್ಲವೆ! ದ್ರಾಕ್ಷಿಯ ರಸದಲ್ಲಿ ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಬಿಡುತ್ತದೆ. ಮದ್ಯಸಾರ ನೂರಕ್ಕೆ ಸುಮಾರು 15 ಪಾಲಾಗುವಷ್ಟರಲ್ಲಿ, ತಾನು ಮಾಡಿದ್ದರಲ್ಲೇ ತಾನು ಸಾಯುತ್ತದೆ. ಸಾಕೆನ್ನುವುದು ಅದಕ್ಕೆ ತಿಳಿಯದು. ಆದರೆ ದಂಡ ತೆರುವುದು ಅದೇ.

ಮನುಷ್ಯನ ಲೆಕ್ಕ ಬೇರೆ. ಅಳತೆ ಕುಡಿಯುವವನ ಕೈಯಲ್ಲಿ. ತಪ್ಪಿದರೆ ತೆರುವವರು ಹೆಂಡತಿ, ಮಕ್ಕಳು. ಪಾಪ ಹುಟ್ಟುವುದು ಈ ಅಂತರದಲ್ಲೇ ಎಂದು ನನಗೆ ತೋರುತ್ತದೆ. ದಂಡ ತೆರುವವರಿಗೆ ‘ಸಾಕು’ ಎನ್ನುವ ಹಕ್ಕೂ ಇರಬೇಡವೆ?