ಇಂಗುಬಾವಿಗೆ ದಿಕ್ಕು ಯಾರು?

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ಗುಡಿಸಿ, ರಂಗೋಲಿ ಇಡುವುದು ಅಮ್ಮನಿಂದ ನನಗೆ ಬಂದ ಅಭ್ಯಾಸ. ಶ್ರೀನಗರದ ನಮ್ಮ ಮನೆಗೆ ಅಂಗಳವೆಂದು ಹೇಳಿಕೊಳ್ಳುವಂಥದ್ದೇನೂ ಇಲ್ಲ. ಗೇಟಿನ ಹೊರಗೆ ನಾಲ್ಕಡಿ ಜಾಗ, ಅದರಾಚೆ ರಸ್ತೆ. ಆ ನಾಲ್ಕಡಿಯನ್ನೇ ಅಂಗಳವೆಂದುಕೊಂಡು ಇಷ್ಟು ವರ್ಷ ಗುಡಿಸಿದ್ದೇನೆ. ಎದುರಿನ ಹೊಂಗೆಮರ ಎಲೆ ಉದುರಿಸತೊಡಗಿತೆಂದರೆ ದಿನಕ್ಕೊಂದು ಮೊರ ಕಸ. ಆ ಕಸವನ್ನು ಎಲ್ಲಿಗೆ ಹಾಕುತ್ತಿದ್ದೆ ಎಂದು ನೀವು ಕೇಳಿದರೆ ನಾನು ಸ್ವಲ್ಪ ತಡವರಿಸಬೇಕಾಗುತ್ತದೆ. ಕಸದ ಗಾಡಿ ಬರುವುದು ನಾನು ಶಾಲೆಗೆ ಹೊರಟ ಮೇಲೆ. ಹೀಗಾಗಿ ಪೊರಕೆಯ ಕೊನೆಯ ಎರಡು ಬೀಸು ಕಸವನ್ನು ಚರಂಡಿಯ ಕಡೆಗೆ ತಳ್ಳಿಬಿಡುತ್ತಿತ್ತು. ನನ್ನ ಬಾಗಿಲು ಚೊಕ್ಕಟವಾಗುತ್ತಿತ್ತು. ಈ ಎರಡು ಬೀಸಿನ ಬಗ್ಗೆ ನಾನು ಯೋಚಿಸುವಂತಾದದ್ದು ನಮ್ಮ ಬೀದಿಯ ಇಂಗುಬಾವಿಯಿಂದ.

ನಮ್ಮದು ಇಳಿಜಾರಿನ ಬೀದಿ. ಮೇಲಿನ ಮನೆಗಳ ಮಳೆನೀರೆಲ್ಲ ಕೆಳಗಿನ ತಿರುವಿಗೆ ಬಂದು ನಿಲ್ಲುತ್ತದೆ. ಅಲ್ಲೊಂದು ಇಂಗುಬಾವಿ ತೋಡಿಸಿದರೆ ನೀರು ನಿಲ್ಲುವುದೂ ತಪ್ಪುತ್ತದೆ, ಬತ್ತಿದ ಬೋರ್‌ವೆಲ್ಲಿಗೂ ಅನುಕೂಲವಾಗುತ್ತದೆ ಎಂದು 2018ರ ಬೇಸಿಗೆಯಲ್ಲಿ ನಾವೆಲ್ಲ ಮನೆಗಿಷ್ಟೆಂದು ಚಂದಾ ಹಾಕಿದೆವು. ಮುಂದೆ ನಿಂತು ಓಡಾಡಿದವಳು ನಾನೇ. ಶಾಲೆಯ ಮಕ್ಕಳನ್ನು ಜಯನಗರ ಐದನೇ ಬ್ಲಾಕಿನ ಮಳೆನೀರು ಸಂಗ್ರಹದ ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗಿ ಬಂದಿದ್ದೆ, ಆ ಉತ್ಸಾಹ. ಮಕ್ಕಳಿಗೆ ಕೊಟ್ಟ ಲೆಕ್ಕವನ್ನೇ ಬೀದಿಯವರಿಗೂ ಹೇಳಿದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ. 30×40 ಅಡಿ ನಿವೇಶನದ ಮೇಲೆ ವರ್ಷಕ್ಕೆ ಬೀಳುವ ನೀರು ಲಕ್ಷ ಲೀಟರಿಗೂ ಹೆಚ್ಚು, ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹದಿನೆಂಟು ಟ್ಯಾಂಕರ್! ಎಲ್ಲರೂ ಹುಬ್ಬೇರಿಸಿದರು.

ತಲೆಮಾರುಗಳಿಂದ ಬಾವಿ ತೋಡುವುದನ್ನೇ ಕಸುಬಾಗಿಸಿಕೊಂಡವರು ಬಂದು ಮೂರಡಿ ಅಗಲ, ಇಪ್ಪತ್ತಡಿ ಆಳ ತೋಡಿ, ಸಿಮೆಂಟಿನ ಬಳೆ ಇಳಿಸಿದರು. ಚರಂಡಿಯ ನೀರು ನೇರ ಒಳಗೆ ಬೀಳದಂತೆ ಮುಂದೊಂದು ಸಣ್ಣ ತೊಟ್ಟಿ, ಅದರಲ್ಲಿ ಜಲ್ಲಿ, ಮರಳು. ಮಣ್ಣು, ಎಲೆ ಎಲ್ಲ ಅಲ್ಲಿ ತಂಗಿ, ತಿಳಿನೀರು ಮಾತ್ರ ಬಾವಿಗಿಳಿಯಬೇಕು. ತೊಟ್ಟಿಯನ್ನು ಮಳೆಗಾಲಕ್ಕೆ ಮೊದಲೊಮ್ಮೆ, ನಡುವೆ ಒಂದೆರಡು ಸಲ ಬಾಚಿ ತೆಗೆಯಬೇಕೆಂದು ಅವರು ಹೋಗುವಾಗ ಹೇಳಿದರು. ನಾವೆಲ್ಲ ತಲೆಯಾಡಿಸಿದೆವು. ಅರಿಶಿನ ಕುಂಕುಮ ಹಚ್ಚಿ ಪೂಜೆಯಾಯಿತು, ಕೇಸರಿಬಾತ್ ಹಂಚಿದ್ದಾಯಿತು, ಫೋಟೋ ತೆಗೆದದ್ದಾಯಿತು. ಬಾಚುವವರು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ.

ಮೊದಲ ಎರಡು ಮಳೆಗಾಲ ನೀರು ಗಟಗಟನೆ ಇಳಿಯಿತು. ಆಮೇಲೆ ನಿಧಾನವಾಯಿತು. ನಡುವೆ ಕೊರೋನಾ ಬಂತು, ಬಾವಿ ಮರೆತೇಹೋಯಿತು. 2022ರ ಮಳೆ ನಿಮಗೆ ನೆನಪಿರಬೇಕು, ಸೆಪ್ಟೆಂಬರಿನಲ್ಲಿ ಊರಿನ ಪೂರ್ವಭಾಗದ ಬಡಾವಣೆಗಳಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಿದ ವರ್ಷ. ನಮ್ಮ ಕಡೆ ಅಷ್ಟಾಗಲಿಲ್ಲ. ಆದರೆ ಒಂದು ರಾತ್ರಿ ತಿರುವಿನಲ್ಲಿ ನಿಂತ ನೀರು ಬಾವಿಗಿಳಿಯದೆ, ರಸ್ತೆಗಿಂತ ಎರಡು ಮೆಟ್ಟಿಲು ಕೆಳಗಿರುವ ಒಂದು ಕೋಣೆಯ ಮನೆಗೆ ನುಗ್ಗಿತು. ಅದು ನಮಗೆಲ್ಲ ಹೂ ಕೊಡುವಾಕೆಯ ಮನೆ. ಬೆಳಿಗ್ಗೆ ಹೋಗಿ ನೋಡಿದರೆ ಅಕ್ಕಿಚೀಲ ನೆಂದಿತ್ತು, ಮಗಳ ಎಂಟನೇ ತರಗತಿಯ ಪುಸ್ತಕಗಳನ್ನು ಮೆಟ್ಟಿಲ ಮೇಲೆ ಹರಡಿದ್ದರು. ಆ ಮಗು ನನ್ನನ್ನು ಕಂಡು, ‘ಮಿಸ್, ಸೋಶಿಯಲ್ ನೋಟ್ಸೂ ಹೋಯ್ತು’ ಎಂದಿತು.

ಬೀದಿಯವರೆಲ್ಲ ಸೇರಿದೆವು. ತಪ್ಪು ಯಾರದೆಂಬ ಚರ್ಚೆ ಶುರುವಾಯಿತು. ತೋಡಿದವರು ಸರಿಯಾಗಿ ತೋಡಲಿಲ್ಲ ಎಂದರೊಬ್ಬರು. ರಸ್ತೆಬದಿಯದು ಸರ್ಕಾರದ ಜಾಗ, ಅವರೇ ನೋಡಿಕೊಳ್ಳಬೇಕು ಎಂದರೆ ಇನ್ನೊಬ್ಬರು. ಒಂದು ಕಚೇರಿಗೆ ಹೋಗಿ ಬಂದೆವು; ‘ನೀವೇ ತೋಡಿಸಿದ್ದಲ್ವಾ ಮೇಡಂ, ನಮ್ಮ ಲೆಕ್ಕಕ್ಕೆ ಬರಲ್ಲ’ ಎಂದರು. ಅಷ್ಟರಲ್ಲಿ ಒಬ್ಬರು ತೊಟ್ಟಿಯ ಮುಚ್ಚಳ ತೆಗೆಸಿದರು. ಒಳಗೆ ಕಂಠಮಟ್ಟ ಹೊಂಗೆ ಎಲೆ, ಮಣ್ಣು, ನಡುನಡುವೆ ಬಿಳಿಯ ರಂಗೋಲಿ ಪುಡಿಯ ಗೆರೆಗಳು. ನಾನು ಸುಮ್ಮನಾದೆ.

ಆಗ ಹೂವಿನಾಕೆ ಹೇಳಿದ ಮಾತು: ‘ಯಾರ್ದು ತಪ್ಪು ಅಂತ ಆಮೇಲೆ ಮಾತಾಡ್ಕಳಿ ಟೀಚರಮ್ಮಾ. ಮುಂದಿನ ಮಳೆಗೆ ಇದನ್ನ ಯಾರು ಬಾಚ್ತಾರೆ, ಅದನ್ನ ಹೇಳಿ.’

ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಎರಡು ಪ್ರಶ್ನೆಗಳು ಬೇರೆಬೇರೆ ಎಂದು ಆವತ್ತು ಹೊಳೆಯಿತು. ತಪ್ಪು ಯಾರದು ಎಂಬುದು ಹಿಂದಕ್ಕೆ ನೋಡುವ ಪ್ರಶ್ನೆ. ಅದಕ್ಕೆ ಹತ್ತು ಉತ್ತರ ಸಿಗುತ್ತವೆ, ಹತ್ತೂ ಅಷ್ಟಿಷ್ಟು ನಿಜವೇ ಆಗಿರುತ್ತವೆ. ಕೆಲಸ ಯಾರದು ಎಂಬುದು ಮುಂದಕ್ಕೆ ನೋಡುವ ಪ್ರಶ್ನೆ. ಅದಕ್ಕೆ ಒಂದು ಹೆಸರು ಬೇಕು. ನಮ್ಮ ತರಗತಿಯ ಗೋಡೆಯಲ್ಲಿ ಬೋರ್ಡ್ ಒರೆಸುವವರ ಪಟ್ಟಿ ಇದೆ. ಪಟ್ಟಿ ಹರಿದುಹೋದ ವಾರ ಬೋರ್ಡ್ ಬಿಳಿಚಿಕೊಂಡೇ ಇರುತ್ತದೆ. ಮಕ್ಕಳು ಕೆಟ್ಟವರಾದರೆಂದಲ್ಲ, ಪ್ರತಿಯೊಬ್ಬರೂ ಇನ್ನೊಬ್ಬರು ಒರೆಸುತ್ತಾರೆಂದು ಒಳ್ಳೆಯ ಮನಸ್ಸಿನಿಂದಲೇ ನಂಬಿಕೊಂಡಿರುತ್ತಾರೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕನ್ನಡ ನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಬರುತ್ತವೆ. ಕೆರೆ ಕಟ್ಟಿದವರಿಗೆ, ಕೆರೆಯನ್ನು ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಭೂಮಿ ಅದು. ಹೂಳು ಹೊರುವ ಬಂಡಿಗೆಂದೂ ದತ್ತಿ ಬಿಡುತ್ತಿದ್ದರು. ತೂಬು ತೆಗೆದು ನೀರು ಹಂಚುವ ನೀರುಗಂಟಿಗೆ ಊರಿನ ಬೆಳೆಯಲ್ಲಿ ಪಾಲಿತ್ತು. ಕೆರೆ ಕಟ್ಟಿಸುವುದೆಂದರೆ ಅದನ್ನು ನೋಡಿಕೊಳ್ಳುವವನ ಊಟವನ್ನೂ ಕಟ್ಟಿಕೊಡುವುದು ಎಂದು ಅವರು ತಿಳಿದಿದ್ದರು. ನಾವಾದರೋ ಬಾವಿಗೆ ಚಂದಾ ಎತ್ತಿದೆವು, ಬಾಚುವ ಕೈಗೆ ಎತ್ತಲಿಲ್ಲ. 2009ರಲ್ಲಿ ಬೆಂಗಳೂರಿನಲ್ಲಿ 60×40ರ ಹಳೆಯ ಮನೆಗಳಿಗೂ 30×40ರ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಮನೆಮನೆಗೂ ಪೈಪು, ಫಿಲ್ಟರು ಬಂದವು. ಆ ಫಿಲ್ಟರನ್ನು ಕೊನೆಯ ಸಲ ತೊಳೆದದ್ದು ಯಾವಾಗ ಎಂದು ನಿಮ್ಮ ಮನೆಯಲ್ಲಿ ಒಮ್ಮೆ ಕೇಳಿನೋಡಿ.

ಹಳೆಯದೆಲ್ಲ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ನೆನೆದುಕೊಳ್ಳಿ. ಕೆರೆ ಕಟ್ಟಿಸಿದವರು ಮಾವ, ನೀರು ಬೇಕಾದದ್ದು ಊರಿಗೆಲ್ಲ, ಆಹುತಿಯಾದವಳು ಕಿರಿಯ ಸೊಸೆ. ಯಾರದೆಂದು ತೀರ್ಮಾನವಾಗದ ಭಾರ ಕೊನೆಗೆ ಬೀಳುವುದು ಬಾಯಿಲ್ಲದವರ ತಲೆಯ ಮೇಲೆ. ನಮ್ಮ ಸಭೆಯಲ್ಲೂ ಹಾಗೇ ಆಗುವುದರಲ್ಲಿತ್ತು. ‘ರಸ್ತೆ ಗುಡಿಸುವಾಕೆಗೆ ಐವತ್ತು ರೂಪಾಯಿ ಕೊಟ್ಟರಾಯಿತು’ ಎಂದರೊಬ್ಬರು. ಅವಳಿಗೆ ಆಗಲೇ ಎರಡು ರಸ್ತೆಯ ಕೆಲಸವಿದೆ, ಕೈಗೆ ಗವಸೂ ಇಲ್ಲ.

ಹಾಗಾದರೆ ಯಾರ ಹೆಸರು ಬರೆಯಬೇಕು? ನನಗೆ ತೋರಿದ್ದು ಇಷ್ಟೆ: ನೀರು ಎಲ್ಲಿಂದ ಹರಿದು ಬರುತ್ತದೋ ಅಲ್ಲಿಯವರದು. ಮೇಲಿನವರು ಕೆಳಗಿನವರಿಗೆ ಋಣಿಗಳು. ಇದು ನಮ್ಮ ಬೀದಿಗೆ ಮಾತ್ರವಲ್ಲ. ನಮ್ಮ ಪಕ್ಕದಲ್ಲೇ ಇರುವ ಕೆಂಪಾಂಬುಧಿ ಕೆರೆ ಕೆಂಪೇಗೌಡರ ಕಾಲದ್ದು. ಈ ಭಾಗದ ನೀರೆಲ್ಲ ಸೇರುವುದು ವೃಷಭಾವತಿಗೆ. ಅದು ನಮ್ಮ ಕೊಳೆ ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗಿ, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಆ ನೀರಿನಿಂದ ಕೆಟ್ಟದ್ದು ಅಲ್ಲಿಯ ರೈತರ ಬಾವಿಗಳು, ಹೊಲಗಳು. ನಮ್ಮ ಬೀದಿಗೆ ಹೂವಿನಾಕೆಯ ಮನೆ ಹೇಗೋ, ಇಡೀ ಊರಿಗೆ ಬೈರಮಂಗಲ ಹಾಗೆ. ನನ್ನ ಪೊರಕೆಯ ಎರಡು ಬೀಸು ಎಲ್ಲೆಲ್ಲಿಗೆ ಮುಟ್ಟುತ್ತದೆ ನೋಡಿ!

ಹಾಗೆಂದು ಸರ್ಕಾರದ ಕೆಲಸವನ್ನೆಲ್ಲ ನಾವೇ ಮಾಡಿಕೊಂಡು ಅವರನ್ನು ಬಿಟ್ಟುಬಿಡಬೇಕೇ ಎಂದು ನಮ್ಮ ಮನೆಯವರು ಕೇಳಿದರು. ನ್ಯಾಯವಾದ ಮಾತು. ರಾಜಕಾಲುವೆಯನ್ನು ನಾವು ಬಾಚಲಾರೆವು, ಅದಕ್ಕೆ ತೆರಿಗೆ ಕಟ್ಟುತ್ತೇವೆ. ಕೇಳುವುದನ್ನು ಬಿಡಬಾರದು. 2025ರಲ್ಲಿ ಒಂದು ಪಾಲಿಕೆ ಹೋಗಿ ಐದು ಬಂದವು. ಇಳಿಜಾರು ಇದ್ದಲ್ಲೇ ಇದೆ, ನಮ್ಮ ಅರ್ಜಿಯ ವಿಳಾಸ ಬದಲಾಯಿತು, ಅಷ್ಟೆ. ಪ್ರತಿ ಏಪ್ರಿಲಿನಲ್ಲಿ ಒಂದು ಅರ್ಜಿ ಬರೆದು ಸ್ವೀಕೃತಿ ತೆಗೆದಿಡುತ್ತೇನೆ. ಆದರೆ ಅರ್ಜಿಗೆ ಉತ್ತರ ಬರುವವರೆಗೆ ಮಳೆ ಕಾಯುವುದಿಲ್ಲವಲ್ಲ.

ಕೊನೆಗೆ ಪಟ್ಟಿ ಮಾಡಿದೆವು. ಬೀದಿಯ ಮೇಲ್ತುದಿಯಿಂದ ಶುರುಮಾಡಿ ಮನೆಗೊಂದು ತಿಂಗಳು. ಮೇ ತಿಂಗಳಲ್ಲಿ ಬಾವಿ ತೋಡಿದವರನ್ನೇ ಕರೆಸಿ, ಸರಿಯಾದ ಕೂಲಿ ಕೊಟ್ಟು ಜಲ್ಲಿ ತೊಳೆಸುವುದು. ಎರಡು ಮನೆಯವರು ಈಗಲೂ ಒಪ್ಪಿಲ್ಲ. ಅವರ ತಿಂಗಳನ್ನು ಉಳಿದವರು ಗೊಣಗುತ್ತ ಹಂಚಿಕೊಳ್ಳುತ್ತೇವೆ. ಹೊಂಗೆ ಎಲೆ ಈಗ ಚೀಲಕ್ಕೆ ಹೋಗುತ್ತದೆ, ಅಲ್ಲಿಂದ ಮಹಡಿಯ ಮೇಲಿನ ಕುಂಡಗಳಿಗೆ.

ಪಟ್ಟಿಯಲ್ಲಿ ಹೂವಿನಾಕೆಯ ಹೆಸರನ್ನು ನಾನು ಬೇಕೆಂದೇ ಬಿಟ್ಟಿದ್ದೆ. ತೊಂದರೆಪಟ್ಟವಳಿಗೆ ಮತ್ತೆ ಕೆಲಸವೇಕೆ ಎಂಬ ಕರುಣೆ. ಆಕೆ ಮಗಳಿಂದ ಪಟ್ಟಿ ಓದಿಸಿ, ‘ನಮ್ಮನೇದು ಯಾಕಿಲ್ಲ?’ ಎಂದಳು. ಕಾರಣ ಹೇಳಿದೆ. ‘ಬಾಚೋರು ನೀವಾದ್ರೆ ಸರಿಯಾಗಿ ಬಾಚಿದ್ರಾ ಅಂತ ನೋಡೋಳು ಯಾರು? ನೀರು ಬರೋದು ನಮ್ಮನೆಗೆ ತಾನೆ?’ ಎಂದಳು. ನನ್ನ ಕರುಣೆಗೆ ಉತ್ತರವಿರಲಿಲ್ಲ. ಪಟ್ಟಿಯ ಕೆಳಗೆ ಆಕೆಯ ಹೆಸರು ಬರೆದು ಮುಂದೆ ‘ಮೇಲ್ವಿಚಾರಣೆ’ ಎಂದು ಸೇರಿಸಿದೆ.

ಕಳೆದ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಆರೂವರೆಗೆ ನಾನು ರಂಗೋಲಿಯ ಎಳೆ ಎಳೆಯುತ್ತಿದ್ದೆ. ಹೂವಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಆಕೆ ಬಂದು ನಿಂತಳು. ಎರಡು ಮೊಳ ಕನಕಾಂಬರ ಅಳೆದು ಕೈಗಿಟ್ಟು, ‘ಟೀಚರಮ್ಮಾ, ಈ ತಿಂಗಳು ನಿಮ್ದೇ. ತೊಟ್ಟೀಲಿ ಎಲೆ ಕಾಣ್ತೈತೆ’ ಎಂದಳು. ರಂಗೋಲಿ ಮುಗಿಸಿ, ಸೆರಗು ಸಿಕ್ಕಿಸಿಕೊಂಡು, ಮಂಕರಿ ಹಿಡಿದು ತಿರುವಿಗೆ ಹೊರಟೆ.